ಪರವಾನಗಿ, ಪ್ರಸಾರಶಕ್ತಿ ಮತ್ತು ಗ್ರಾಮದ ದನಿ: ಕೊಪ್ಪಳ ಸೀಮೆಯ ಹಿನ್ನೆಲೆಯಲ್ಲಿ ಸಮುದಾಯ ಬಾನುಲಿಯ ನಿಯಂತ್ರಣ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳು 1997ರ ಆಗಸ್ಟ್ 24ರಂದು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದವು. ಆಡಳಿತದ ನಕ್ಷೆಯಲ್ಲಿ ಹೀಗೆ ಒಂದಾದ ಈ ಸೀಮೆಗೆ ಬಾನುಲಿಯು ಬಹುಕಾಲ ಹೊರಗಿನಿಂದ ಬಂದ ದನಿಯೇ ಆಗಿತ್ತು. ನಿಜಾಮರ ಆಳ್ವಿಕೆಯಲ್ಲಿ ಆ ದನಿ ಹೈದರಾಬಾದಿನದು; ಅದರಲ್ಲಿ ಉರ್ದುವಿಗೇ ಪ್ರಾಧಾನ್ಯ. 1950ರ ಜನವರಿ 8ರಂದು ಧಾರವಾಡ ಕೇಂದ್ರ ಆರಂಭವಾದ ಮೇಲೆ ಕನ್ನಡದ ಮಾತು ಪಶ್ಚಿಮದಿಂದ ಬರತೊಡಗಿತು. 1966ರಲ್ಲಿ ಗುಲಬರ್ಗಾ ಕೇಂದ್ರ ಬಂದಿತು. ಆನಂತರ ರಾಯಚೂರು ಮತ್ತು ಹೊಸಪೇಟೆಗಳ ಕೇಂದ್ರಗಳು ಬಂದವು. ದನಿ ಹತ್ತಿರವಾಗುತ್ತ ಬಂದಿತಾದರೂ ನೆರೆಯೂರಿನ ದನಿಯಾಗಿಯೇ ಉಳಿಯಿತು. ಇಂಥ ಸೀಮೆಯ ಒಂದು ಊರು ತನ್ನದೇ ಬಾನುಲಿಯನ್ನು ಕಟ್ಟಲು ಹೊರಟರೆ ಅದರ ಮುಂದೆ ಯಾವ ಕಾನೂನು ನಿಲ್ಲುತ್ತದೆ, ಅನುಮತಿಯಿಲ್ಲದೆ ಮಾತನಾಡಿದರೆ ಏನಾಗುತ್ತದೆ, ಅನುಮತಿ ಪಡೆದು ನಿಗದಿಗಿಂತ ಜೋರಾಗಿ ಮಾತನಾಡಿದರೆ ಏನಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅನುಮತಿಯಿಲ್ಲದ ಪ್ರಸಾರ ಮತ್ತು ಮಿತಿಮೀರಿದ ಪ್ರಸಾರ ಎಂಬ ಎರಡು ಅಪರಾಧಗಳನ್ನು ಒಂದೇ ಜಾತಿಗೆ ಸೇರಿಸಿ ನೋಡುವುದು ವಾಡಿಕೆ. ಅವುಗಳ ಸ್ವರೂಪ ಬೇರೆ ಬೇರೆ ಎಂಬುದು ಕರ್ನಾಟಕದ ಮತ್ತು ನೆರೆ ರಾಜ್ಯದ ಅನುಭವಗಳಿಂದ ಸ್ಪಷ್ಟವಾಗುತ್ತದೆ.

ಈ ನಿಯಂತ್ರಣದ ಬೇರುಗಳು ವಸಾಹತು ಕಾಲದ ಎರಡು ಕಾಯಿದೆಗಳಲ್ಲಿವೆ. 1885ರ ಭಾರತೀಯ ತಂತಿ ಕಾಯಿದೆಯ 4ನೆಯ ಪ್ರಕರಣವು ತಂತಿ ವ್ಯವಸ್ಥೆಯನ್ನು ಸ್ಥಾಪಿಸಿ ನಡೆಸುವ ಏಕಸ್ವಾಮ್ಯವನ್ನು ಸರ್ಕಾರಕ್ಕೆ ಕೊಟ್ಟಿತು. ನಿಸ್ತಂತು ವ್ಯವಸ್ಥೆಯೂ ಆ ಪದದ ವ್ಯಾಪ್ತಿಯೊಳಗೇ ಸೇರಿತು. ಅದರ 20ನೆಯ ಪ್ರಕರಣದ ಪ್ರಕಾರ ಅನುಮತಿಯಿಲ್ಲದೆ ನಿಸ್ತಂತು ಕೇಂದ್ರ ನಡೆಸಿದವರಿಗೆ ಮೂರು ವರ್ಷಗಳವರೆಗಿನ ಸೆರೆವಾಸ ಅಥವಾ ದಂಡ ಅಥವಾ ಎರಡೂ. 1933ರ ಭಾರತೀಯ ನಿಸ್ತಂತು ತಂತಿ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಸಾರ ಮಾಡುವುದಿರಲಿ, ಪರವಾನಗಿಯಿಲ್ಲದೆ ಉಪಕರಣವನ್ನು ಇಟ್ಟುಕೊಳ್ಳುವುದನ್ನೇ ಅಪರಾಧವನ್ನಾಗಿಸಿತು. ರೇಡಿಯೊ ಪೆಟ್ಟಿಗೆಗೆ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದ ಹಿರಿಯರ ನೆನಪಿನಲ್ಲಿ ಉಳಿದಿರುವುದು ಈ ವ್ಯವಸ್ಥೆಯೇ. ಟ್ರಾನ್ಸ್‌ಮಿಟರ್ ಇಟ್ಟುಕೊಂಡವರಿಗೆ ಈ ಕಾಯಿದೆಯಲ್ಲಿಯೂ ಮೂರು ವರ್ಷಗಳವರೆಗಿನ ಶಿಕ್ಷೆ ಉಂಟು. ದಂಡದ ಮಿತಿ ಮಾತ್ರ ಒಂದು ಸಾವಿರ ರೂಪಾಯಿ.

1933ರ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆ ಸಂಬಂಧಿಸಿದ್ದು. ದೇಶೀ ಸಂಸ್ಥಾನಗಳಿಗೆ ನೇರವಾಗಿ ಅನ್ವಯಿಸುತ್ತಿರಲಿಲ್ಲ. ಆದುದರಿಂದಲೇ ಕನ್ನಡ ನಾಡಿನ ಬಾನುಲಿಯ ಮೊದಲ ಅಧ್ಯಾಯ ಒಂದು ಮನೆಯೊಳಗೆ ಬರೆಯಲ್ಪಟ್ಟಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ 'ವಿಠಲ ವಿಹಾರ'ದಲ್ಲಿ 30 ವ್ಯಾಟ್ ಶಕ್ತಿಯ ಟ್ರಾನ್ಸ್‌ಮಿಟರಿನಿಂದ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ನಾಡಿಗೆ ಬಳುವಳಿಯಾಗಿ ಬಂದುದು ಆ ಕೇಂದ್ರದಿಂದ. ಅದರ ಮೊದಲ ಶಕ್ತಿ ಇಂದಿನ ಸಾಮಾನ್ಯ ಸಮುದಾಯ ಬಾನುಲಿಯ 50 ವ್ಯಾಟ್ ಟ್ರಾನ್ಸ್‌ಮಿಟರಿಗಿಂತ ಕಡಿಮೆ ಎಂಬುದು ಗಮನಾರ್ಹ. ಅದೇ ಉಪಕರಣ ಬ್ರಿಟಿಷ್ ಆಡಳಿತದ ಮುಂಬಯಿಯಲ್ಲಿದ್ದರೆ ಏನಾಗುತ್ತಿತ್ತೆಂಬುದಕ್ಕೆ 1942ರ ಕಾಂಗ್ರೆಸ್ ರೇಡಿಯೊ ನಿದರ್ಶನ. ಉಷಾ ಮೆಹತಾ ಮತ್ತು ಅವರ ಸಂಗಡಿಗರು ಜಾಗ ಬದಲಿಸುತ್ತ ಮೂರು ತಿಂಗಳ ಕಾಲ ನಡೆಸಿದ ಆ ರಹಸ್ಯ ಕೇಂದ್ರವನ್ನು ಪೊಲೀಸರು ನವೆಂಬರಿನಲ್ಲಿ ಹಿಡಿದರು. ಉಷಾ ಮೆಹತಾ ಅವರಿಗೆ ನಾಲ್ಕು ವರ್ಷಗಳ ಸೆರೆವಾಸವಾಯಿತು. ಸ್ವಾತಂತ್ರ್ಯಾನಂತರ ಆಳುವವರು ಬದಲಾದರೂ ಈ ಎರಡು ಕಾಯಿದೆಗಳು ಉಳಿದವು. ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಕೊಪ್ಪಳ ಸೀಮೆಯೂ ಭಾರತ ಒಕ್ಕೂಟದೊಡನೆ ಅವುಗಳ ಅಧೀನಕ್ಕೆ ಬಂದಿತು.

ತರಂಗಗಳು ಸರ್ಕಾರದ ಸ್ವತ್ತೆಂಬ ನಂಬಿಕೆಗೆ ಮೊದಲ ಪೆಟ್ಟು ಬಿದ್ದುದು 1995ರ ಫೆಬ್ರವರಿ 9ರಂದು. ಬಂಗಾಳ ಕ್ರಿಕೆಟ್ ಸಂಸ್ಥೆಗೆ ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳನ್ನು ಸಾರ್ವಜನಿಕ ಹಿತಕ್ಕಾಗಿ ಒಂದು ಸಾರ್ವಜನಿಕ ಪ್ರಾಧಿಕಾರ ನಿಯಂತ್ರಿಸಬೇಕು ಎಂದು ತೀರ್ಪಿತ್ತಿತು. ತೀರ್ಪಿನ ಈ ಎರಡನೆಯ ಭಾಗವನ್ನು ಸಮುದಾಯ ಬಾನುಲಿಯ ಬೆಂಬಲಿಗರು ಅಷ್ಟಾಗಿ ಉಲ್ಲೇಖಿಸುವುದಿಲ್ಲ. ನ್ಯಾಯಾಲಯ ತರಂಗಗಳನ್ನು ಯಾರು ಬೇಕಾದರೂ ಬಳಸಬಹುದೆಂದು ಹೇಳಿಲ್ಲ. ಅವು ಮಿತವಾದ ಸಂಪನ್ಮೂಲವಾದುದರಿಂದ ಹಂಚಿಕೆ ಅನಿವಾರ್ಯವೆಂದೂ ಹೇಳಿತು. 1996ರಲ್ಲಿ ಬೆಂಗಳೂರಿನ 'ವಾಯ್ಸಸ್' ಸಂಸ್ಥೆ ಕರೆದ ಸಭೆಯಿಂದ ಹೊರಬಂದ ಬೆಂಗಳೂರು ಘೋಷಣೆ ಮತ್ತು 2000ದಲ್ಲಿ ಅಂದಿನ ಮೇದಕ್ ಜಿಲ್ಲೆಯ ಪಸ್ತಾಪುರದಲ್ಲಿ ಹೊರಬಂದ ಘೋಷಣೆಗಳು ಸಮುದಾಯಗಳಿಗೂ ಈ ಹಂಚಿಕೆಯಲ್ಲಿ ಪಾಲು ಬೇಕೆಂದು ಕೇಳಿದವು. ಆ ವೇಳೆಗೆ ನಗರಗಳ ಎಫ್‌ಎಂ ತರಂಗಾಂತರಗಳನ್ನು ಖಾಸಗಿ ಕಂಪನಿಗಳಿಗೆ ಹರಾಜು ಹಾಕುವ ಕಾರ್ಯ ಆರಂಭವಾಗಿತ್ತು. ಹಳ್ಳಿಗಳಿಗೆ ಮಾತ್ರ ಅರ್ಜಿ ಸಲ್ಲಿಸುವ ಮಾರ್ಗವೇ ಇರಲಿಲ್ಲ.

ಮಾರ್ಗವಿಲ್ಲದ ಕಡೆ ನಿಯಮವನ್ನು ಜಾರಿಗೊಳಿಸಿದರೆ ಏನಾಗುತ್ತದೆ ಎಂಬುದು ಬಳ್ಳಾರಿಗೆ ನೆರೆಯ ಕರ್ನೂಲು ಜಿಲ್ಲೆಯ ಓರ್ವಕಲ್ಲಿನಲ್ಲಿ ಕಂಡಿತು. ಅಲ್ಲಿನ ಮಹಿಳಾ ಸ್ವಸಹಾಯ ಗುಂಪುಗಳು 2002ರಲ್ಲಿ 'ಮನ ರೇಡಿಯೊ' ಎಂಬ ಅತ್ಯಲ್ಪ ಶಕ್ತಿಯ ಕೇಂದ್ರವನ್ನು ಆರಂಭಿಸಿದವು. ಕೆಲವೇ ತಿಂಗಳಲ್ಲಿ, 2003ರಲ್ಲಿ, ಪರವಾನಗಿಯಿಲ್ಲವೆಂಬ ಕಾರಣದಿಂದ ಅದು ಮುಚ್ಚಲ್ಪಟ್ಟಿತು. ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರದಲ್ಲಿ ರೇಡಿಯೊ ದುರಸ್ತಿಯ ಯುವಕನೊಬ್ಬ ಬಿಡಿಭಾಗಗಳಿಂದ ಜೋಡಿಸಿದ ಕೇಂದ್ರ ಕೆಲವು ವರ್ಷ ಸುತ್ತಲಿನ ಹಳ್ಳಿಗಳಿಗೆ ಹಾಡು ಮತ್ತು ಸ್ಥಳೀಯ ಸುದ್ದಿ ಕೇಳಿಸಿ ಪತ್ರಿಕೆಗಳ ಗಮನ ಸೆಳೆಯಿತು. 2006ರಲ್ಲಿ ಅದೂ ಮುಚ್ಚಿತು. ಈ ಎರಡು ಕೇಂದ್ರಗಳೂ ಕಾನೂನನ್ನು ಮುರಿದವೆಂಬುದರಲ್ಲಿ ಸಂಶಯವಿಲ್ಲ. ಆದರೆ ಪರವಾನಗಿ ಪಡೆಯದೆ ಇದ್ದುದು ಅವುಗಳ ಆಯ್ಕೆಯಾಗಿರಲಿಲ್ಲ. ಓರ್ವಕಲ್ಲಿನ ಮಹಿಳಾ ಸಂಘಗಳು ಅಂದು ಯಾವ ಕಚೇರಿಗೆ ಅರ್ಜಿ ಕೊಟ್ಟಿದ್ದರೂ ಅದನ್ನು ಸ್ವೀಕರಿಸುವ ನಿಯಮ ಇರಲಿಲ್ಲ.

ಕರ್ನಾಟಕದ ಉದಾಹರಣೆ ಇದಕ್ಕಿಂತ ಭಿನ್ನವಾದುದು. ಸಂಶೋಧಕರಿಗೆ ಹೆಚ್ಚು ಬೋಧಪ್ರದವೂ ಆದುದು. ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿಯ ಜನ್ಮಸ್ಥಳವೆಂದು ಇತಿಹಾಸದಲ್ಲಿ ಪ್ರಸಿದ್ಧ. ಅಲ್ಲಿ 'ವಾಯ್ಸಸ್' ಮತ್ತು 'ಮೈರಾಡ' ಸಂಸ್ಥೆಗಳು ಯುನೆಸ್ಕೊದ ನೆರವಿನಿಂದ 'ನಮ್ಮ ಧ್ವನಿ' ಎಂಬ ಧ್ವನಿಕೇಂದ್ರವನ್ನು ಕಟ್ಟಿದವು. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಧ್ವನಿಮುದ್ರಣ ಕಲಿತರು, ಕಾರ್ಯಕ್ರಮ ಸಿದ್ಧವಾಯಿತು. ಆದರೆ ಅದನ್ನು ಗಾಳಿಗೆ ಬಿಡುವಂತಿರಲಿಲ್ಲ. ಮೊದಲು ಸಂಘಗಳ ಸಭೆಗಳಲ್ಲಿ ಕ್ಯಾಸೆಟ್ ಹಾಕಿ ಕೇಳಿಸಲಾಯಿತು. ಆನಂತರ, 2003ರ ಸುಮಾರಿಗೆ, ಊರಿನ ಕೇಬಲ್ ಟಿ.ವಿ. ತಂತಿಯ ಮೂಲಕ ಧ್ವನಿಯನ್ನು ಮನೆಗಳಿಗೆ ತಲುಪಿಸುವ ಮಾರ್ಗ ಕಂಡುಕೊಳ್ಳಲಾಯಿತು. ಟಿ.ವಿ. ಪೆಟ್ಟಿಗೆಯ ಪರದೆಯ ಮೇಲೆ ಚಿತ್ರವಿಲ್ಲ, ಒಳಗಿನಿಂದ ಊರಿನವರ ಮಾತು! 

ಇದರ ಕಾನೂನು ಅರ್ಥ ಕುತೂಹಲಕರ. 1995ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯಿದೆಯಡಿ ಕೇಬಲ್ ನಿರ್ವಾಹಕ ಅಂಚೆ ಕಚೇರಿಯಲ್ಲಿ ನೋಂದಾಯಿಸಿಕೊಂಡರೆ ಸಾಕಿತ್ತು. ಅದೇ ಧ್ವನಿ ತಂತಿಯಲ್ಲಿ ಹರಿದರೆ ಅಂಚೆ ಮಾಸ್ತರರ ಒಂದು ನೋಂದಣಿ. ತಂತಿ ಬಿಟ್ಟು ಗಾಳಿಗೆ ಜಿಗಿದರೆ ಮೂರು ವರ್ಷಗಳ ಸೆರೆ. ಮಾತಿನ ವಿಷಯ ಒಂದೇ, ಕೇಳುವವರು ಅವರೇ, ಊರೂ ಅದೇ. ಬೂದಿಕೋಟೆಯವರು ನಿಯಮವನ್ನು ಮುರಿಯಲಿಲ್ಲ; ಮುರಿಯದೆ ಅದರ ಅಸಂಗತತೆಯನ್ನು ತೋರಿಸಿಕೊಟ್ಟರು. ಕುಡಿಯುವ ನೀರಿನ ತೊಂದರೆಯ ಬಗ್ಗೆ ಹೆಂಗಸರ ಮಾತು ಪ್ರಸಾರವಾದ ಮೇಲೆ ಕೊಳವೆಗಳ ದುರಸ್ತಿಯಾದ ಸಂಗತಿ ಆ ಕೇಂದ್ರವನ್ನು ಕುರಿತ ಬರಹಗಳಲ್ಲಿ ದಾಖಲಾಗಿದೆ. ಆದರೂ ಈ ಯಶಸ್ಸಿಗೆ ಒಂದು ಬೆಲೆಯಿತ್ತು. ಕೇಬಲ್ ಸಂಪರ್ಕವಿಲ್ಲದ ಮನೆಗೆ, ಹೊಲದಲ್ಲಿ ಕಳೆ ಕೀಳುತ್ತಿರುವವರಿಗೆ, ಕುರಿ ಕಾಯುವವರಿಗೆ ಆ ದನಿ ಕೇಳಿಸುತ್ತಿರಲಿಲ್ಲ. ಬಾನುಲಿಯ ಮುಖ್ಯ ಗುಣವಾದ ಅಗ್ಗದ ಪೆಟ್ಟಿಗೆ ಮತ್ತು ಎಲ್ಲಿಗಾದರೂ ಒಯ್ಯುವ ಅನುಕೂಲವನ್ನೇ ಬಿಟ್ಟುಕೊಡಬೇಕಾಯಿತು. ದಾಳಿ, ಜಪ್ತಿ, ಮೊಕದ್ದಮೆ ಯಾವುದೂ ಇಲ್ಲದೆ ಕಾನೂನು ತನ್ನ ಕೆಲಸ ಮಾಡಿದ್ದಕ್ಕೆ ಇದು ನಿದರ್ಶನ.

ಮಾರ್ಗ ತೆರೆದುದು ಎರಡು ಹಂತಗಳಲ್ಲಿ. 2002ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ವಿದ್ಯಾಸಂಸ್ಥೆಗಳಿಗೆ ಅವಕಾಶ ಕೊಟ್ಟಿತು. 2004ರ ಫೆಬ್ರವರಿಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ಆರಂಭವಾಯಿತು. 2006ರ ನವೆಂಬರಿನ ನೀತಿ ಸ್ವಯಂಸೇವಾ ಸಂಸ್ಥೆಗಳಿಗೆ, ಕೃಷಿ ವಿಶ್ವವಿದ್ಯಾಲಯಗಳಿಗೆ, ಕೃಷಿ ವಿಜ್ಞಾನ ಕೇಂದ್ರಗಳಿಗೆ ಬಾಗಿಲು ತೆರೆಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ತನ್ನ ಬಾನುಲಿಯನ್ನು ಆರಂಭಿಸಿತು. 2008ರಲ್ಲಿ ಪಸ್ತಾಪುರದ ಪಕ್ಕದ ಮಾಚನೂರಿನಲ್ಲಿ ದಲಿತ ಮಹಿಳೆಯರು ನಡೆಸುವ 'ಸಂಘಂ ರೇಡಿಯೊ' ಪ್ರಸಾರಕ್ಕೆ ಬಂದಿತು. ಆದರೂ ಅರ್ಜಿಯ ದಾರಿ ಸಲೀಸಲ್ಲ. ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಒಪ್ಪಿಗೆ, ಗೃಹ ಹಾಗೂ ರಕ್ಷಣಾ ಇಲಾಖೆಗಳ ಅಭಿಪ್ರಾಯ, ತರಂಗಾಂತರದ ಹಂಚಿಕೆ, ಗೋಪುರ ನಿಲ್ಲಿಸುವ ಜಾಗಕ್ಕೆ ಅನುಮತಿ, ಅನುಮತಿ ಒಪ್ಪಂದದ ಸಹಿ, ಕೊನೆಗೆ ಪ್ರಸಾರ ನಡೆಸುವ ನಿಸ್ತಂತು ಪರವಾನಗಿ. ಹೀಗೆ ಒಂದು ಕಡತ ದೆಹಲಿಯ ಹಲವು ಮೇಜುಗಳನ್ನು ಹಾದು ಬರಬೇಕು. ಯಲಬುರ್ಗಾದ ಒಂದು ರೈತಸಂಘಕ್ಕೆ ಇದು ಎಷ್ಟು ಕಷ್ಟವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 2024ರ ಫೆಬ್ರವರಿಯ ಪರಿಷ್ಕೃತ ಮಾರ್ಗಸೂಚಿ ಅನುಮತಿಯ ಅವಧಿಯನ್ನು ಐದರಿಂದ ಹತ್ತು ವರ್ಷಗಳಿಗೆ, ಗಂಟೆಗೆ ಜಾಹೀರಾತಿನ ಸಮಯವನ್ನು 7ರಿಂದ 12 ನಿಮಿಷಗಳಿಗೆ ಹೆಚ್ಚಿಸಿತು. ಮಾರ್ಗವಂತೂ ಇದೆ, ಓರ್ವಕಲ್ಲಿನ ವಾದವನ್ನು ಇಂದು ಅದೇ ಮಾತುಗಳಲ್ಲಿ ಮಂಡಿಸುವಂತಿಲ್ಲ.

ಈಗ ಎರಡನೆಯ ಅಪರಾಧವನ್ನು, ಅಂದರೆ ಮಿತಿಮೀರಿದ ಶಕ್ತಿಯ ಪ್ರಸಾರವನ್ನು, ಗಮನಿಸಬಹುದು. ಸಮುದಾಯ ಬಾನುಲಿಗೆ ನಿಗದಿಯಾದ ಮಿತಿ 100 ವ್ಯಾಟ್. ವಿಶೇಷ ಸಂದರ್ಭಗಳಲ್ಲಿ 250 ವ್ಯಾಟ್‌ವರೆಗೆ ಪರಿಶೀಲನೆಗೆ ಅವಕಾಶವಿದೆ. ಈ ಸಂಖ್ಯೆ ಟ್ರಾನ್ಸ್‌ಮಿಟರಿನ ಮೇಲೆ ಬರೆದ ಶಕ್ತಿಯಲ್ಲ, ಆಂಟೆನಾದಿಂದ ಹೊರಹೊಮ್ಮುವ ಪರಿಣಾಮಕಾರಿ ವಿಕಿರಣ ಶಕ್ತಿ. 50 ವ್ಯಾಟ್ ಟ್ರಾನ್ಸ್‌ಮಿಟರಿಗೆ ಶಕ್ತಿಯನ್ನು ಒಂದೆಡೆ ಕೇಂದ್ರೀಕರಿಸುವ ಆಂಟೆನಾ ಜೋಡಿಸಿದರೆ, ಕೇಬಲ್ಲಿನಲ್ಲಿ ಆಗುವ ನಷ್ಟ ಕಳೆದು, ಸುಮಾರು 100 ವ್ಯಾಟ್ ಪರಿಣಾಮ ಸಿಗುತ್ತದೆ. ಆದುದರಿಂದ ತಪಾಸಣೆಗೆ ಬಂದವರು ಟ್ರಾನ್ಸ್‌ಮಿಟರಿನ ಮುಳ್ಳನ್ನು ಮಾತ್ರ ನೋಡಿ ಹೋದರೆ ತಪಾಸಣೆ ಅಪೂರ್ಣ. ಆಂಟೆನಾದ ಎತ್ತರ ನೆಲದಿಂದ 15 ಮೀಟರಿಗಿಂತ ಕಡಿಮೆ, 30 ಮೀಟರಿಗಿಂತ ಹೆಚ್ಚು ಇರಕೂಡದು. ಕನಿಷ್ಠ ಮಿತಿ ವಿಕಿರಣದಿಂದ ಜನರ ಆರೋಗ್ಯವನ್ನು ಕಾಯಲು. ಗರಿಷ್ಠ ಮಿತಿ ವ್ಯಾಪ್ತಿಯನ್ನು ಹಿಡಿತದಲ್ಲಿಡಲು.

ವ್ಯಾಪ್ತಿಯ ಲೆಕ್ಕ ಶ್ರೀಸಾಮಾನ್ಯನ ಊಹೆಗೆ ವಿರುದ್ಧವಾಗಿದೆ. ತಡೆಯಿಲ್ಲದ ಬಯಲಿನಲ್ಲಿಯೂ ದೂರವನ್ನು ಎರಡು ಪಟ್ಟು ಮಾಡಬೇಕಾದರೆ ಶಕ್ತಿಯನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು. ಎಫ್‌ಎಂ ಅಲೆಗಳು ಬಹುಮಟ್ಟಿಗೆ ದೃಷ್ಟಿರೇಖೆಯಲ್ಲಿ ಸಾಗುವುದರಿಂದ ದಿಗಂತದ ಆಚೆಗೆ ಶಕ್ತಿಯ ಪ್ರಯೋಜನ ಕಡಿಮೆ. 15 ಮೀಟರ್ ಎತ್ತರದ ಆಂಟೆನಾಕ್ಕೆ ಬಾನುಲಿಯ ದಿಗಂತ ಸುಮಾರು 16 ಕಿಲೋಮೀಟರ್, 30 ಮೀಟರಿಗೆ ಸುಮಾರು 22. ಅದೇ 30 ಮೀಟರ್ ಗೋಪುರವನ್ನು 100 ಮೀಟರ್ ಎತ್ತರದ ಗುಡ್ಡದ ಮೇಲೆ ನಿಲ್ಲಿಸಿದರೆ ದಿಗಂತ 45 ಕಿಲೋಮೀಟರನ್ನು ಮೀರುತ್ತದೆ. ಕೊಪ್ಪಳದ ಕೋಟೆಗುಡ್ಡ, ಆನೆಗೊಂದಿಯ ಬಂಡೆಬೆಟ್ಟಗಳ ಸಾಲು ಇವುಗಳನ್ನು ಬಲ್ಲವರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ: ಶಕ್ತಿಯ ನಿಯಮವನ್ನು ಅಕ್ಷರಶಃ ಪಾಲಿಸಿಯೂ ವ್ಯಾಪ್ತಿಯಲ್ಲಿ ಮಿತಿಮೀರಬಹುದು. ಪ್ರತಿಯಾಗಿ, ಬೆಟ್ಟದ ಮರೆಯಲ್ಲಿರುವ ಹಳ್ಳಿಗೆ ನಾಲ್ಕು ಕಿಲೋಮೀಟರ್ ದೂರದ ಕೇಂದ್ರವೂ ಕೇಳಿಸದೆ ಇರಬಹುದು. ಕುಷ್ಟಗಿ, ಯಲಬುರ್ಗಾಗಳ ಎರೆಭೂಮಿಯ ಬಯಲಿನಲ್ಲಿ ಈ ತೊಡಕು ಕಡಿಮೆ.

ಶಕ್ತಿ ಹೆಚ್ಚಿಸುವ ಆಸೆ ಏಕೆ ಹುಟ್ಟುತ್ತದೆ? 2011ರ ಜನಗಣತಿಯ ಪ್ರಕಾರ ಕೊಪ್ಪಳ ಜಿಲ್ಲೆಯ ಜನಸಂಖ್ಯೆ ಸುಮಾರು 13.9 ಲಕ್ಷ, ವಿಸ್ತೀರ್ಣ 5,570 ಚದರ ಕಿಲೋಮೀಟರ್. ಒಂದು ಸಮುದಾಯ ಬಾನುಲಿ ಸುತ್ತಲಿನ ಹತ್ತು ಕಿಲೋಮೀಟರ್ ಸ್ಪಷ್ಟವಾಗಿ ಕೇಳಿಸುತ್ತದೆಂದು ಹಿಡಿದರೆ ಅದರ ಕ್ಷೇತ್ರ 314 ಚದರ ಕಿಲೋಮೀಟರ್. ಇಡೀ ಜಿಲ್ಲೆಯನ್ನು ಮುಟ್ಟಲು ಹದಿನೆಂಟು ಕೇಂದ್ರಗಳಾದರೂ ಬೇಕು. ಜಾಹೀರಾತಿನ ಅಲ್ಪ ಆದಾಯದಿಂದ ಬದುಕಬೇಕಾದ ಒಂದು ಕೇಂದ್ರ ಹದಿನೆಂಟರಲ್ಲಿ ಒಂದಾಗಿರುವುದಕ್ಕಿಂತ ಜಿಲ್ಲೆಗೆಲ್ಲ ತಾನೊಂದೇ ಆಗಲು ಬಯಸುವುದು ಸಹಜ. ಆದರೆ ಗಂಗಾವತಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಯಲಬುರ್ಗಾ, ಕುಷ್ಟಗಿಗಳು ಮಳೆಯನ್ನು ನಂಬಿದ ಜೋಳ, ಸಜ್ಜೆಯ ನಾಡು. ಕಾಲುವೆಯ ಸರದಿ ಮತ್ತು ಭತ್ತದ ರೋಗದ ಮಾತು ಕುಷ್ಟಗಿಯ ಒಕ್ಕಲಿಗನಿಗೆ ನೆರೆಮನೆಯ ವ್ಯವಹಾರವಿದ್ದಂತೆ. 2018ರಲ್ಲಿ ಕುಕನೂರು, ಕನಕಗಿರಿ, ಕಾರಟಗಿ ಎಂಬ ಹೊಸ ತಾಲ್ಲೂಕುಗಳು ಹುಟ್ಟಿದುದೂ ಈ ಸೀಮೆಯ ಒಳಭೇದಗಳಿಗೆ ಸಾಕ್ಷಿ. ಜಿಲ್ಲೆಗೆಲ್ಲ ಕೇಳಿಸುವ ಕೇಂದ್ರ ಇನ್ನೊಂದು ಚಿಕ್ಕ ಆಕಾಶವಾಣಿಯಾದೀತು. ಅದು ಯಾವ ಕಾರಣಕ್ಕಾಗಿ ಪರವಾನಗಿ ಪಡೆಯಿತೋ ಆ ಕಾರಣವೇ ತೆಳುವಾದೀತು.

ಇದಕ್ಕಿಂತ ಗಂಭೀರವಾದ ತೊಂದರೆ ಎಫ್‌ಎಂ ತಂತ್ರಜ್ಞಾನದ ಒಂದು ಗುಣದಲ್ಲಿದೆ. ಮಧ್ಯಮ ತರಂಗದಲ್ಲಿ ಎರಡು ಕೇಂದ್ರಗಳು ಒಂದೇ ಕಡೆ ಬಂದರೆ ಎರಡೂ ದನಿ ಕಲಸಿ ಕೇಳಿಸುತ್ತವೆ. ಎಫ್‌ಎಂ ಪೆಟ್ಟಿಗೆಯಾದರೋ ಬಲವಾದ ಸಂಕೇತವನ್ನು ಹಿಡಿದು ದುರ್ಬಲವಾದುದನ್ನು ಪೂರ್ತಿಯಾಗಿ ನುಂಗಿಬಿಡುತ್ತದೆ. ಸಮುದಾಯ ಬಾನುಲಿಗೆ ಮೀಸಲಾದುವು 90.4, 90.8, 107.8 ಮೆಗಾಹರ್ಟ್ಸ್ ಮೊದಲಾದ ಕೆಲವೇ ತಾಣಗಳು. ಅವುಗಳನ್ನೇ ಊರಿಂದೂರಿಗೆ ಮತ್ತೆ ಮತ್ತೆ ಹಂಚಲಾಗುತ್ತದೆ. ಕೇಂದ್ರವೊಂದು ತನ್ನ ಶಕ್ತಿಯನ್ನು ಹೆಚ್ಚಿಸಿದಾಗ ಮೊದಲು ಅಳಿಯುವುದು ದೂರದ ದೊಡ್ಡ ಕಂಪನಿಯ ಕೇಂದ್ರವಲ್ಲ. ಅದೇ ತಾಣದಲ್ಲಿ ಪಿಸುಗುಟ್ಟುತ್ತಿರುವ ಪಕ್ಕದ ಸೀಮೆಯ ಬಡ ಕೇಂದ್ರ. ಅದರ ಕೇಳುಗರಿಗೆ ತೊಂದರೆ ಯಾರಿಂದಾಯಿತೆಂಬುದೂ ತಿಳಿಯುವುದಿಲ್ಲ, ತಮ್ಮ ಊರಿನ ಬಾನುಲಿ ನಿಂತುಹೋಯಿತೆಂದಷ್ಟೇ ತಿಳಿಯುತ್ತಾರೆ. ಜೊತೆಗೆ 108 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ವಿಮಾನಯಾನದ ಮಾರ್ಗದರ್ಶಿ ಉಪಕರಣಗಳ ತರಂಗಾಂತರಗಳು ಆರಂಭವಾಗುತ್ತವೆ. ಶೋಧಕವಿಲ್ಲದ ಅಗ್ಗದ ಟ್ರಾನ್ಸ್‌ಮಿಟರನ್ನು ಮಿತಿಮೀರಿ ದುಡಿಸಿದರೆ ಅದು ನಿಗದಿತ ತಾಣವಲ್ಲದೆ ಅಕ್ಕಪಕ್ಕದಲ್ಲಿಯೂ ಕಸ ಚೆಲ್ಲುತ್ತದೆ. ಕೊಪ್ಪಳಕ್ಕೆ ದೂರವಲ್ಲದ ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣವಿರುವುದರಿಂದ ಇದು ಕೇವಲ ಪುಸ್ತಕದ ಮಾತಲ್ಲ.

ಜಾರಿಯ ಯಂತ್ರವು ಜಿಲ್ಲೆಯ ಕೈಯಲ್ಲಿಲ್ಲ. 1952ರಲ್ಲಿ ಸ್ಥಾಪಿತವಾದ ನಿಸ್ತಂತು ಉಸ್ತುವಾರಿ ಸಂಘಟನೆ ದೇಶದ ಹಲವು ಕಡೆ ಕೇಂದ್ರಗಳನ್ನಿಟ್ಟು ತರಂಗಗಳನ್ನು ಆಲಿಸುತ್ತದೆ. ಬೆಂಗಳೂರಿನಲ್ಲಿಯೂ ಅದರ ಕೇಂದ್ರವಿದೆ. ದಿಕ್ಕು ಗುರುತಿಸುವ ಆಂಟೆನಾಗಳಿರುವ ವಾಹನಗಳಿಂದ ಎರಡು ಮೂರು ಕಡೆ ಅಳೆದು, ರೇಖೆಗಳು ಸಂಧಿಸುವ ಜಾಗದಲ್ಲಿ ಪ್ರಸಾರದ ಮೂಲವನ್ನು ಹಿಡಿಯುತ್ತಾರೆ. 1933ರ ಕಾಯಿದೆಯ 7ನೆಯ ಪ್ರಕರಣ ಶೋಧನೆಯ ಅಧಿಕಾರವನ್ನು ಕೇಂದ್ರ ಸರ್ಕಾರ ವಿಶೇಷವಾಗಿ ನೇಮಿಸಿದ ಅಧಿಕಾರಿಗೆ ಕೊಟ್ಟಿತು. ಹೀಗಾಗಿ ತಾಲ್ಲೂಕಿನ ತಹಶೀಲ್ದಾರರಾಗಲಿ ಠಾಣೆಯ ಅಧಿಕಾರಿಯಾಗಲಿ ತಾವಾಗಿಯೇ ಪ್ರಸಾರಶಕ್ತಿಯನ್ನು ಅಳೆಯುವ ಉಪಕರಣವನ್ನಾಗಲಿ ಪರಿಣತಿಯನ್ನಾಗಲಿ ಹೊಂದಿಲ್ಲ. ದೂರು ಬಂದ ಹೊರತು ಗ್ರಾಮಾಂತರದ ಸಣ್ಣ ಕೇಂದ್ರದ ಕಡೆಗೆ ಗಮನ ಹರಿಯುವುದು ವಿರಳ. ಆದುದರಿಂದ ಜಾರಿಯ ಭಾರ ನಿಜವಾಗಿ ಹೊರುವುದು ಅನುಮತಿ ಒಪ್ಪಂದವೇ. ಅರ್ಜಿದಾರ ಸಂಸ್ಥೆ ಬ್ಯಾಂಕ್ ಖಾತರಿ ಕೊಡಬೇಕು, ಪ್ರಸಾರವಾದ ಕಾರ್ಯಕ್ರಮಗಳ ಮುದ್ರಣವನ್ನು ಮೂರು ತಿಂಗಳು ಕಾಪಾಡಬೇಕು. ಷರತ್ತು ಮೀರಿದರೆ ಅನುಮತಿಯ ಅಮಾನತು, ಮರುಕಳಿಸಿದರೆ ರದ್ದು. ಈ ಏರುಕ್ರಮದ ಶಿಕ್ಷೆ ವಿವೇಕಯುತವಾದುದೆನ್ನಬೇಕು.

ಪರವಾನಗಿ ಇಲ್ಲದವರಿಗೆ ಮಾತ್ರ ಇಂಥ ಮೆಟ್ಟಿಲುಗಳಿಲ್ಲ. 2023ರ ದೂರಸಂಪರ್ಕ ಕಾಯಿದೆ ಹಳೆಯ ಎರಡು ಕಾಯಿದೆಗಳ ಸ್ಥಾನವನ್ನು ತುಂಬಲು ಬಂದಿತು. ಅದರ ಪ್ರಕರಣಗಳು 2024ರ ಜೂನ್‌ನಿಂದ ಹಂತ ಹಂತವಾಗಿ ಜಾರಿಗೆ ಬರತೊಡಗಿದವು. ಅನುಮತಿಯಿಲ್ಲದೆ ಸೇವೆ ನೀಡುವ ಅಥವಾ ಜಾಲ ಸ್ಥಾಪಿಸುವ ಅಪರಾಧಕ್ಕೆ ಅದರ 42ನೆಯ ಪ್ರಕರಣ ಹೇಳುವ ಸೆರೆವಾಸದ ಗರಿಷ್ಠ ಅವಧಿ ಹಿಂದಿನಂತೆಯೇ ಮೂರು ವರ್ಷ. ದಂಡದ ಗರಿಷ್ಠ ಮಿತಿ ಎರಡು ಕೋಟಿ ರೂಪಾಯಿ. ಸಾವಿರ ರೂಪಾಯಿಯ ಹಳೆಯ ದಂಡ ಹಾಸ್ಯಾಸ್ಪದವಾಗಿತ್ತು, ನಿಜ. ಆದರೆ ದೊಡ್ಡ ದೂರಸಂಪರ್ಕ ಕಂಪನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನೇಯ್ದ ಬಲೆಯನ್ನು ಅರ್ಧ ವ್ಯಾಟಿನ ಊರಿನ ಬಾನುಲಿಗೂ ಬೀಸಬಹುದಾಗಿರುವುದು ಚಿಂತನಾರ್ಹ. ಪಕ್ಕದವರ ದನಿಯನ್ನು ನುಂಗುವ ಪರವಾನಗಿದಾರನಿಗೆ ಅಮಾನತು, ಯಾರಿಗೂ ಅಡ್ಡಬಾರದೆ ಒಂದು ಓಣಿಗೆ ಕೇಳಿಸುವ ಪರವಾನಗಿಯಿಲ್ಲದವನಿಗೆ ಸೆರೆ ಎಂಬ ಶಿಕ್ಷಾಕ್ರಮವು ಹಾನಿಯನ್ನು ಅಳೆಯುವುದಿಲ್ಲ, ಕಾಗದವನ್ನು ಅಳೆಯುತ್ತದೆ.

ಕೊಪ್ಪಳ ಸೀಮೆಯಲ್ಲಿ ಈ ಪ್ರಶ್ನೆಗಳು ಅಮೂರ್ತವಾಗಿ ಉಳಿಯುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟ್ ಸರಪಳಿ ಕಡಿದು ಕೊಚ್ಚಿಹೋಯಿತು. ಕೆಳದಂಡೆಯ ಜನರಿಗೆ ಎಚ್ಚರಿಕೆ ಕೊಡಬೇಕಾಯಿತು. 2019ರ ಆಗಸ್ಟ್‌ನ ನೆರೆಯಲ್ಲಿ ಆನೆಗೊಂದಿಯ ಬಳಿಯ ವಿರೂಪಾಪುರಗಡ್ಡೆಯಲ್ಲಿ ಸಿಲುಕಿದ ಪ್ರವಾಸಿಗರನ್ನು ಹೊರತರಬೇಕಾಗಿ ಬಂದಿತ್ತು. ಇಂಥ ರಾತ್ರಿಗಳಲ್ಲಿ ಹತ್ತು ಕಿಲೋಮೀಟರಿನ ಬಾನುಲಿಗೆ, ಯಾವ ಹಳ್ಳದ ಸೇತುವೆ ಮುಳುಗಿದೆ, ಯಾವ ಶಾಲೆಯಲ್ಲಿ ಆಶ್ರಯವಿದೆ ಎಂದು ಓಣಿಯ ಹೆಸರು ಹಿಡಿದು ಹೇಳುವ ಸಾಮರ್ಥ್ಯವಿರುತ್ತದೆ. ಸಮುದಾಯ ಬಾನುಲಿಗೆ ಸ್ವತಂತ್ರವಾಗಿ ಸುದ್ದಿ ಬಿತ್ತರಿಸುವ ಅನುಮತಿಯಿಲ್ಲ. ಸ್ಥಳೀಯ ಆಡಳಿತ ಒದಗಿಸಿದ ಹವಾಮಾನ, ನೈಸರ್ಗಿಕ ವಿಕೋಪ, ನೀರು ಮತ್ತು ವಿದ್ಯುತ್ತಿನ ಮಾಹಿತಿಯನ್ನು ಮಾತ್ರ ಸುದ್ದಿಯೆಂದು ಎಣಿಸದೆ ಬಿಡಲಾಗಿದೆ. ಜಲಾಶಯದಿಂದ ಇಷ್ಟು ಕ್ಯೂಸೆಕ್ ನೀರು ಬಿಡಲಾಗಿದೆ ಎಂಬ ಜಿಲ್ಲಾಡಳಿತದ ಪ್ರಕಟಣೆಯನ್ನು ಓದಿದರೆ ಅದು ಮಾಹಿತಿ. ನದಿದಂಡೆಯಲ್ಲಿ ನಿಂತ ಕೇಂದ್ರದ ಕಾರ್ಯಕರ್ತೆ ನೀರು ಮೆಟ್ಟಿಲು ಹತ್ತಿತೆಂದು ತಾನೇ ಕಂಡು ಹೇಳಿದರೆ, ಅದನ್ನು ಮಾಹಿತಿಯೆನ್ನಬೇಕೇ ಸುದ್ದಿಯೆನ್ನಬೇಕೇ ಎಂಬುದನ್ನು ಆ ಗಳಿಗೆಯಲ್ಲಿ ಆಕೆಯೇ ನಿರ್ಧರಿಸಬೇಕಾಗುತ್ತದೆ.